ಚರ್ಮದೊಳಗಿನ ಗ್ರಾಹಕ

ಮಾನ್ಯ ಅಧ್ಯಕ್ಷರಾದ ಪರಮಶಿವಯ್ಯನವರೇ, ವೇದಿಕೆಯ ಮೇಲಿರುವ ನನ್ನ ಗುರುಗಳೇ, ಈ ಬಿಸಿಲಲ್ಲೂ ಬಂದು ಕೂತಿರುವ ಸಭಿಕರೇ,

ಡಾಕ್ಟರೇಟ್ ಬಂದಿತೆಂದು, ನಾನು ಓದಿದ ತುಮಕೂರಿನ ಈ ಕಾಲೇಜು ನನ್ನನ್ನು ಸನ್ಮಾನಿಸುತ್ತಿದೆ. ಸಾದಿಯಾ ಏನು ಸಂಶೋಧನೆ ಮಾಡಿದಳು ಎಂದು ಹೇಳಬೇಕಂತೆ. ಹೇಳುತ್ತೇನೆ. ಆದರೆ ಅದು ಶುರುವಾದದ್ದು ಪ್ರಯೋಗಾಲಯದಲ್ಲಲ್ಲ, ಇದೇ ಊರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ, ಹೆಣ್ಣು ನೋಡುವ ದಿನ.

ತೊಂಬತ್ತೇಳನೆಯ ಇಸವಿ. ಕುಣಿಗಲ್‌ನಿಂದ ಗಂಡಿನವರು ಬರುವವರಿದ್ದರು. ಮದರಂಗಿ ಕಪ್ಪಗೆ ಏರಲೆಂದು ನನ್ನ ತಾಯಿ ಖುರ್ಷಿದಾ ಬೇಗಂ ಅದಕ್ಕೆ ತಲೆಗೂದಲಿನ ಡೈ ಬೆರೆಸಿ ಹಚ್ಚಿದರು. ಗಂಡಿನವರು ಬರುವ ಹೊತ್ತಿಗೆ ಕೈತುಂಬ ಗುಳ್ಳೆ. "ದುಪಟ್ಟಾದೊಳ್ಗೆ ಇಟ್ಕೊ ಕಣೇ, ಕಾಣ್ಬಾರ್ದು" ಎಂದರು. ಚಹಾ ಕೊಡುವಾಗ ಕೈ ಬಚ್ಚಿಡುವುದು ಹೇಗೆ, ನೀವೇ ಹೇಳಿ. ಗಂಡಿನ ತಾಯಿ ಲೋಟ ಮುಟ್ಟಲಿಲ್ಲ. ಚಪ್ಪಲಿ ಅಂಗಡಿ ಇಟ್ಟಿದ್ದ ಹುಡುಗ ಅಮೀನ್ ಮಾತ್ರ, "ಉರೀತಿದ್ಯಾ?" ಎಂದು ಕೇಳಿದರು. ಅಂದು ಹಾಗೆ ಕೇಳಿದವರು ಅವರೊಬ್ಬರೇ.

ಗಂಡಿನ ಮನೆಯಿಂದ ಸಂಬಂಧ ಬೇಡವೆಂದು ಹೇಳಿಕಳಿಸಿದರು. ತಾಯಿ ಅತ್ತರು. ನಾನು ಚರ್ಮದ ಡಾಕ್ಟರನ್ನು ಕೇಳಿದೆ: ಹಚ್ಚಿದ್ದು ಮೇಲೆ, ಒಳಗೆ ಗೊತ್ತಾದದ್ದು ಹೇಗೆ? "ಚರ್ಮದಲ್ಲಿ ಕಾವಲು ಕೋಶಗಳಿರ್ತವೆ. ಅವಕ್ಕೆ ಹೇಗ್ ಗೊತ್ತಾಗುತ್ತೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲಮ್ಮ" ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು. ಗುಳ್ಳೆ ಒಣಗಿತು. ಪ್ರಶ್ನೆ ಉಳಿಯಿತು.

ಅಷ್ಟರಲ್ಲಿ ಅಮೀನ್ ತಮ್ಮ ತಾಯಿಯನ್ನು ಒಪ್ಪಿಸಿ ಕರೆದುಕೊಂಡು ಬಂದರು. ಮದುವೆಯಾದರೂ ಓದುತ್ತೇನೆ ಎಂದೆ. "ಓದಿ, ಅದ್ಕೇನಂತೆ. ಅಂಗಡಿ ನಾನ್ ನೋಡ್ಕೊತೀನಿ" ಎಂದರು. ಅಂಗಡಿ ನೋಡಿಕೊಳ್ಳಿ ಎಂದು ನನಗೆ ಯಾರು ಹೇಳಿದ್ದರೋ ಕಾಣೆ.

ಮದುವೆಯಾಗಿ, ಓದು ಮುಂದುವರಿಸಿ, ಕೊನೆಗೆ ಅದೇ ಪ್ರಶ್ನೆ ಹಿಡಿದು ಪ್ರಯೋಗಾಲಯ ಸೇರಿದೆ. ಆ ಕಾವಲು ಕೋಶಗಳೊಳಗೆ ಕೆಲವು ರಾಸಾಯನಿಕಗಳನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಕನ್ನಡದಲ್ಲಿ ಅದನ್ನು ಗ್ರಾಹಕ ಎನ್ನುತ್ತೇವೆ. ಹೊಗೆಯಲ್ಲಿರುವಂಥ ರಾಸಾಯನಿಕ ಬಂದು ಅಂಟಿದರೆ ಗ್ರಾಹಕ ಕೋಶಕೇಂದ್ರದೊಳಗೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ನಾನು ಪರೀಕ್ಷಿಸಿದ, ಈ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಏಳಬೇಕಾದ ಜೀನ್‌ಗಳು ಏಳಲಿಲ್ಲ, ಕಾವಲು ಕೋಶಗಳು ಬಲಿಯಲಿಲ್ಲ. ನನ್ನ ಗೈಡ್ ನಂಬಲಿಲ್ಲ, ಮತ್ತೆ ಮಾಡಿಸಿದರು. ಮತ್ತೆಯೂ ಹಾಗೇ ಬಂತು. ನನ್ನ ಕೈಯ ಗುಳ್ಳೆಗೂ ಇದೇ ಕಾರಣವೇ? ಅದನ್ನು ಇನ್ನೂ ಹೇಳಲಾರೆ.

ಎರಡನೆಯ ಸಲವೂ ಹಾಗೇ ಬಂದ ದಿನ ಸಂಜೆ ಕುಣಿಗಲ್‌ಗೆ ಫೋನ್ ಮಾಡಿ, "ಗ್ರಾಹಕ ಇಲ್ದಿದ್ರೆ ಕೋಶ ಬೆಳೆಯೋದೇ ಇಲ್ಲ ಕಣ್ರೀ" ಎಂದೆ.

"ಗ್ರಾಹಕ್ರಿಲ್ದಿದ್ರೆ ಅಂಗಡೀನೂ ಬೆಳೆಯಲ್ಲ. ಇಷ್ಟ್ ತಿಳ್ಕೊಳಕ್ಕೆ ಇಷ್ಟ್ ವರ್ಷ ಬೇಕಿತ್ತಾ?" ಎಂದರು ಅಮೀನ್. ಆಮೇಲೆ ಫೋನ್ ಇಡುವುದನ್ನೂ ಮರೆತು, "ಇವತ್ತು ಎಲ್ರಿಗೂ ಚಹಾ ನಂದು" ಎಂದು ಅಂಗಡಿಯಲ್ಲಿದ್ದವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಅಮೀನ್ ಅವರ ತೊಡೆಯ ಮೇಲಿರುವ ನಮ್ಮ ಮಗಳು ಜೈಬಾ ಆಕಳಿಸುತ್ತಿದ್ದಾಳೆ. ಶಾಲು ಹೊದಿಸಿದ ನಿಮಗೂ ಇಷ್ಟು ಹೊತ್ತು ಸಹಿಸಿದ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.