ಜಪಾನ್ ಸೆಟ್ಟಿನಲ್ಲಿ ‘ಬರ್ರಿ’ ಎಂದ ದನಿ

ನನ್ನ ಹೆಸರು ತಾರಾಬಾಯಿ ಕೋಂ ಜಯಪಾಲ ಮಗದುಮ, ವಯಸ್ಸು 50 ವರ್ಷ, ಜಾತಿ ಜೈನ, ಉದ್ಯೋಗ ಮನೆಗೆಲಸ ಮತ್ತು ಒಕ್ಕಲುತನ, ಸಾಕಿನ್ ಭೋಜ, ತಾಲೂಕು ನಿಪ್ಪಾಣಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 9-11-2024ರಂದು ಶನಿವಾರ ಅಷ್ಟಮಿ, ನನಗೆ ಉಪವಾಸ. ಬೆಳಿಗ್ಗೆ 5 ಗಂಟೆಗೆ ಎದ್ದು ಸೆಗಣಿ ಬಳಿದು, ಎರಡು ಎಮ್ಮೆ ಹಿಂಡಿ, ಸ್ನಾನ ಮಾಡಿ ಬಸದಿಗೆ ಹೋಗಿ ಉಪವಾಸದ ನಿಯಮ ಹಿಡಿದು 7-40ಕ್ಕೆ ಮನೆಗೆ ಬಂದೆ. ಆಗ ನನ್ನ ನೆಗೆಣಿ ಸ್ನೇಹಲ, ವಯಸ್ಸು 31, ಅಂಗಳದಲ್ಲಿ ನಿಂತ ವ್ಯಾನಿನೊಳಗೆ ಕುಳಿತಿದ್ದಳು.

ಆ ವ್ಯಾನು ಅವಳ ಗಂಡ, ಅಂದರೆ ನನ್ನ ಮೈದುನ ಸಂದೇಶನದು. ಸಂದೇಶ ಎಂಟು ತಿಂಗಳ ಹಿಂದೆ ಉಗಾರದ ದಾರಿಯಲ್ಲಿ ಕಬ್ಬಿನ ಟ್ರಾಲಿ ಮಗುಚಿ ತೀರಿಕೊಂಡನು. ಅವನಿದ್ದಾಗ ಹಳೆಯ ಜಪಾನ್ ಕಾರಿನಿಂದ ಬಿಚ್ಚಿದ ಟೇಪ್ ಸೆಟ್ ತಂದು ವ್ಯಾನಿಗೆ ಕೂಡಿಸಿದ್ದನು. ಅದರ ರೇಡಿಯೊ 76ರಿಂದ 90ರವರೆಗೆ ಮಾತ್ರ ಓಡುತ್ತದೆ, ನಮ್ಮ ಕಡೆಯ ಸ್ಟೇಶನ್ ಎಲ್ಲ 90ರ ಮೇಲಿವೆ, ಇದು ಜಪಾನಿಗೆ ಹೋದರಷ್ಟೇ ಮಾತಾಡುತ್ತದೆ ಎಂದು ರಿಪೇರಿಯ ಸಂಭಾಜಿ ಹೇಳಿದ್ದನು. ಹಾಡು ಬೇಕಾದರೆ ಸಂದೇಶ ಸಿ.ಡಿ. ಹಾಕುತ್ತಿದ್ದನು. ಅವನು ಹೋದ ಮೇಲೆ ಸ್ನೇಹಲ ವ್ಯಾನಿನ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ದಿನಾ ಬೆಳಿಗ್ಗೆ ಅದರಲ್ಲಿ ಕುಳಿತು ಆ ರೇಡಿಯೊ ಹಚ್ಚುತ್ತಿದ್ದಳು. ಸರ್ರ್ ಎಂಬ ಸಪ್ಪಳ ಬಿಟ್ಟರೆ ಏನೂ ಬರುತ್ತಿರಲಿಲ್ಲ. ನನ್ನ ಮಗ ಸುಜಯ, ವಯಸ್ಸು 24, ವ್ಯಾನು ತನಗೆ ಬೇಕೆಂದು ನಾಲ್ಕೈದು ಸಲ ಕೀ ಕೇಳಿದ್ದನು. ಅವಳು ಕೊಟ್ಟಿರಲಿಲ್ಲ.

ದಿನಾಂಕ 5-11-2024ರಂದು ಬೆಳಿಗ್ಗೆ ಸ್ನೇಹಲ ಓಡಿ ಅಡಿಗೆಮನೆಗೆ ಬಂದು, ಅಕ್ಕಾ, ಅವರ ದನಿ ಬಂತು, ‘ಊಟ ಆತೇನ್ರಿ’ ಅಂದ್ರು ಎಂದು ಹೇಳಿದಳು. ಈ ದೇಶದ ಒಂದೂ ಸ್ಟೇಶನ್ ಹಿಡಿಯದ ಸೆಟ್ಟು ಅವರನ್ನ ಹಿಡದೈತಿ, ಅಂದ್ರ ಅವರು ಈ ಕಡೆಯವರಲ್ಲ, ಆ ಕಡೆಯಿಂದ ಮಾತಾಡಾಕತ್ತಾರ ಎಂದಳು. ಜೀವಂತ ಇದ್ದಾಗ ‘ಏ, ಉಂಡೇನ’ ಅಂತಿದ್ರು, ಸತ್ತ ಮ್ಯಾಲ ನನಗ ರೀ ಹಚ್ಚಿ ಮರ್ಯಾದಿ ಕೊಡಾಕತ್ತಾರ ನೋಡ್ರಿ ಎಂದು ನಕ್ಕಳು. ಎಂಟು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ದಿನಾಂಕ 7ರಂದು ನಾನೂ ಹತ್ತು ನಿಮಿಷ ವ್ಯಾನಿನಲ್ಲಿ ಕುಳಿತೆ. ಏನೂ ಬರಲಿಲ್ಲ. ಅದೇ ದಿನ ನಳದ ಹತ್ತಿರ ಪಕ್ಕದ ಮನೆಯ ಮನಿಷಾ ಅವಳಿಗೆ, ಏನ ಸ್ನೇಹಲ, ನಿನ್ನ ಗಂಡ ಜಪಾನಿನ್ಯಾಗ ಇನ್ನೊಂದು ಮದವಿ ಆಗ್ಯಾನೋ ಹೆಂಗ, ಕೇಳಿ ನೋಡ ಎಂದಳು. ನಾಲ್ಕು ಮಂದಿ ಹೆಂಗಸರು ನಕ್ಕರು. ನಾನೂ ನಕ್ಕೆ. ಇದನ್ನು ಬಿಡದೆ ಬರೆದುಕೊಳ್ಳಬೇಕು. ನನ್ನ ಗಂಡನಿಗೆ, ಈಕಿಗೆ ತಲಿ ಕೆಟ್ಟೈತಿ, ಮಿರಜಿನ ಡಾಕ್ಟರಿಗೆ ತೋರಿಸ್ರಿ ಎಂದೂ ಹೇಳಿದೆ. ಡಾಕ್ಟರ್ ಯಾಕ, ತವರಿಗೆ ಕಳಿಸಿದರಾತು ಎಂದು ಸುಜಯ ನಡುವೆ ಬಾಯಿ ಹಾಕಿದನು.

ದಿನಾಂಕ 9ರಂದು ಸ್ನೇಹಲ ವ್ಯಾನಿನಿಂದ ಇಳಿದು ಬಂದು, ನದಿ ಮೋಟಾರಿನ ಹತ್ತಿರ ಅದಾರಂತ, ಬುತ್ತಿ ತಗೊಂಡು ಲಗೂ ಬರ್ರಿ ಅಂದ್ರು ಎಂದು ಹೇಳಿ ಒಲೆ ಹೊತ್ತಿಸಿದಳು. ಅಷ್ಟಮಿ ದಿನ ಹಸಿರು ಕಾಯಿಪಲ್ಯ ಅವರಿಗೆ ನಡೆಯೂದಿಲ್ಲ ಎಂದು ಕಡಲೆಹಿಟ್ಟಿನ ಝುಣಕ ಮಾಡಿ, ನಾಲ್ಕು ರೊಟ್ಟಿ ಬಡಿದಳು. ಹೊಲದಲ್ಲಿ ಇಟ್ಟು ಬರುತ್ತಾಳೆಂದು ತಿಳಿದು ನಾನು ತಡೆಯಲಿಲ್ಲ. 9-20ಕ್ಕೆ ಬುತ್ತಿ ಹೊತ್ತು ಹೋದಳು. ನಮ್ಮ ಹೊಲಕ್ಕೆ ನೀರೆತ್ತುವ ಮೋಟಾರಿರುವ ನದಿ ದಂಡೆ ಮನೆಯಿಂದ 900 ಮೀಟರ್.

ಆಚೆ ದಂಡೆಯಲ್ಲಿದ್ದ ಜ್ಞಾನದೇವ ಹೇಳಿದ ಪ್ರಕಾರ, ಅವಳು ಬುತ್ತಿಯನ್ನು ಮೋಟಾರಿನ ಕಟ್ಟೆ ಮೇಲೆ ಇಟ್ಟು, ಎಲ್ಲದೀರಿ, ಎಲ್ಲದೀರಿ ಎಂದು ಮೂರು ಸಲ ಕೂಗಿ, ಚಪ್ಪಲಿ ಬಿಟ್ಟು, ಪಾವಟಿಗೆ ಇಳಿದು ನೀರಿನೊಳಗೆ ನಡೆದಳು. ಅವನು ಕೂಗಿ ಹೇಳಿದರೂ ತಿರುಗಲಿಲ್ಲ. 12-40ಕ್ಕೆ ಹೆಣ ಸಿಕ್ಕಿತು. ಬುತ್ತಿಯ ಗಂಟು ಕಟ್ಟಿದ ಹಾಗೇ ಇತ್ತು. ಅವಳ ತಲೆ ಸರಿ ಇರಲಿಲ್ಲ ಎಂದು ನನ್ನ ಗಂಡ ಅದೇ ದಿನ ಠಾಣೆಯಲ್ಲಿ ಬರೆಸಿಕೊಟ್ಟಿದ್ದಾರೆ.

ದಿನಾಂಕ 10ರಂದು ಬೆಳಿಗ್ಗೆ 8-15ಕ್ಕೆ ಸುಜಯ ವ್ಯಾನಿಗೆ ನೀರು ಹೊಡೆದು ತೊಳೆಯುತ್ತಿದ್ದನು. ಕೀ ಅವನ ಕೈಯಲ್ಲಿತ್ತು. ಸ್ನೇಹಲಳಿಗೆ ಕೊನೆಯ ಸ್ನಾನ ಮಾಡಿಸಿದವಳು ನಾನು. ಸೆರಗಿನಲ್ಲಿ ಗಂಟು ಇರಲಿಲ್ಲವೆಂದು ಆಗ ನೆನಪಾಯಿತು. ಅದರ ಹಿಂದೆಯೇ ‘ಬರ್ರಿ’ ನೆನಪಾಯಿತು. ಸಂದೇಶ ರೀ ಹಚ್ಚಿ ಮಾತಾಡುತ್ತಿದ್ದದ್ದು ನನಗೆ, ಅವನ ವೈನಿಗೆ, ಅಂದರೆ ಅತ್ತಿಗೆಗೆ. ನನ್ನ ಮೊಬೈಲಿನ ವಾಟ್ಸಾಪಿನಲ್ಲಿ ಅವನು ಹೋದ ವರ್ಷ ಮಾತಾಡಿ ಕಳಿಸಿದ ದನಿಯ ಮೆಸೇಜು ಹುಡುಕಿ ಹಚ್ಚಿದೆ. ‘ವೈನಿ, ನದಿ ಮೋಟಾರ ಹತ್ರ ಅದೇನಿ, ಬುತ್ತಿ ತಗೊಂಡು ಲಗೂ ಬರ್ರಿ’ ಎಂದಿತ್ತು. ಅವನ ದನಿ ಇರಲಿ ಎಂದು ಅಳಿಸದೆ ಇಟ್ಟವಳು ನಾನೇ. ಸುಜಯ ಅದನ್ನು ತನ್ನ ಮೊಬೈಲಿಗೆ ಕಳಿಸಿಕೊಂಡು ‘ವೈನಿ’ ಒಂದನ್ನು ಕತ್ತರಿಸಿದ್ದನು.

ಕೇಳಿದಾಗ ಒಪ್ಪಿದನು. ಗೋಡೆಯ ಆಚೆ ಟ್ರ್ಯಾಕ್ಟರಿನಲ್ಲಿ ಕುಳಿತು, ಮೊಬೈಲಿನ ಹಾಡು ರೇಡಿಯೊಗೆ ಕಳಿಸುವ ಬೆರಳಷ್ಟು ಉದ್ದದ ಡಬ್ಬಿಯನ್ನು 88.1ಕ್ಕೆ ಇಟ್ಟು ಹಚ್ಚುತ್ತಿದ್ದನಂತೆ. ನಾನು ಕುಳಿತ ದಿನ ಬಂದ್ ಮಾಡಿದ್ದನಂತೆ. ಟ್ರ್ಯಾಕ್ಟರಿನಿಂದ ವ್ಯಾನಿಗೆ ಒಂಬತ್ತು ಮೊಳ, ನಾನೇ ಹಗ್ಗ ಹಿಡಿದು ಅಳೆದಿದ್ದೇನೆ. ಅವ್ವಾ, ಬರೇ ಮಜಾಕ್ ಮಾಡಿನಿ, ಹುಚ್ಚಿ ಅಂತ ಆದರ ತವರಿಗೆ ಹೋಗ್ತಿದ್ಲು, ವ್ಯಾನು ಉಳೀತಿತ್ತು ಎಂದನು. ಕೀ ಹೇಗೆ ಬಂತೆಂದು ಕೇಳಿದೆ. ಬುತ್ತಿ ಹೊತ್ತು ಹೋಗುವಾಗ ಎದುರು ಸಿಕ್ಕಳು, ಎಲ್ಲಿ ಹೊಂಟಿರಿ ಕಾಕಿ ಅಂದೆ, ನಿಮ್ಮ ಕಾಕಾಗ ಬುತ್ತಿ ಕೊಡಾಕ ಅಂದಳು, ಹಂಗಾರ ಕೀ ಕೊಟ್ಟು ಹೋಗ್ರಿ, ಕಾಕಾಗ ನನ್ನ ನಮಸ್ಕಾರ ಹೇಳ್ರಿ ಅಂದೆ, ಆಕಿ ಗಂಟು ಬಿಚ್ಚಿ ಕೀ ಕೊಟ್ಟು ಒಂದು ಮಾತು ಅಂದಳು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದನು.

ಆಕಿ ಹೆಂಗೂ ಹೋದಳು, ಈಗ ಹೊಟ್ಟಿಲೆ ಹುಟ್ಟಿದಾಂವಗ ಬೇಡಿ ಹಾಕಸ್ತಿ ಏನ ಎಂದು ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತರು. ಆದ್ದರಿಂದ ನಿನ್ನೆ ಬರಲಾಗಲಿಲ್ಲ. ಈ ದಿನ ಅವರು ಡೇರಿಗೆ ಹಾಲು ಹಾಕಲು ಹೋದಾಗ 6-30ರ ಬಸ್ಸಿಗೆ ಬಂದಿದ್ದೇನೆ. ಡಬ್ಬಿಯನ್ನೂ ನನ್ನ ಮೊಬೈಲನ್ನೂ ಹಾಜರು ಮಾಡಿದ್ದೇನೆ.

ಇಷ್ಟನ್ನೂ ಸಾಹೇಬರು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ನಿಜವಿದೆ, ಯಾರೂ ಕಲಿಸಿ ಕಳಿಸಿಲ್ಲ.

ಇನ್ನು ಒಂದು ಬಿನ್ನಹ. ಕೀ ಕೊಡುವಾಗ ಸ್ನೇಹಲ ಏನೆಂದಳು ಎಂದು ಸುಜಯನನ್ನು ಎರಡು ಸಲ ಕೇಳಿದ್ದೇನೆ, ಹೇಳಿಲ್ಲ. ಅಷ್ಟಮಿಯ ಉಪವಾಸ ನಾನಿನ್ನೂ ಬಿಟ್ಟಿಲ್ಲ, ಕಾಸಿದ ನೀರಿನ ಮೇಲಿದ್ದೇನೆ. ಅವನನ್ನು ಹಿಡಿದು ತಂದಾಗ ಆ ಒಂದು ಮಾತು ಅವನ ಬಾಯಿಂದ ಬಿಡಿಸಿ, ಯಾರ ಕೈಯಲ್ಲಾದರೂ ನನಗೆ ತಲುಪಿಸಬೇಕು.

ದಿನಾಂಕ: 11-11-2024
ಸ್ಥಳ: ಪೊಲೀಸ್ ಠಾಣೆ, ಬೆಳಿಗ್ಗೆ 9-50
ಸಹಿ: ತಾರಾಬಾಯಿ ಜ. ಮಗದುಮ