ಕೂರ್ಮೆ ಎಂದರೆ ಆಮೆಯಲ್ಲ

ಒಬ್ಬ ಶ್ರೀಮಂತ. ಯಾವ ಊರು ಅಂತ ಕೇಳಬೇಡಿ, ನಿಮ್ಮ ಊರೇ ಅಂದುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ಅವನ ಮನೆಯ ಹಜಾರದಲ್ಲಿ ಒಂದು ಗಾಜಿನ ಬೀರು. ಅದರ ತುಂಬ ಹಳಗನ್ನಡ ಕಾವ್ಯಗಳು, ಕೆಂಪು ರಟ್ಟು, ಚಿನ್ನದ ಅಕ್ಷರ. ಬಂದವರಿಗೆಲ್ಲ ಮೊದಲು ಬೀರುವಿನ ದರ್ಶನ, ಆಮೇಲೆ ಕಾಫಿ. ಓದಿದ್ದನೇ? ನೋಡಿ, ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆದರೂ ಊರಿನಲ್ಲಿ ಕಾವ್ಯರಸಿಕ ಎಂಬ ಹೆಸರು ಬಿದ್ದುಬಿಟ್ಟಿತ್ತು.

ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್. ಅಲ್ಲಿ ಅವನಿಗೆ ಒಬ್ಬರ ಪರಿಚಯ. ಪರಿಚಯ ಅಂದರೆ ಎಂಥದ್ದು? 'ನಮಸ್ಕಾರ', 'ಆಯ್ತಾ ವಾಕಿಂಗು?', ಅಷ್ಟೆ. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಮೆಲ್ಲಗೆ ನಡೆಯುವ ಹಿರಿಯರು. ಇಂಥ ಪರಿಚಯಗಳು ನಮಗೂ ಎಷ್ಟಿಲ್ಲ, ಹೇಳಿ?

ಒಂದು ದಿನ ಆ ಹಿರಿಯರು ಬೆಂಚಿನ ಮೇಲೆ ಇವನ ಪಕ್ಕ ಬಂದು ಕೂತರು. "ಸ್ವಾಮಿ, ತಾವು ಕಾವ್ಯ ಬಲ್ಲೋರು ಅಂತ ಕೇಳಿದೀನಿ. ಒಂದು ಹಳಗನ್ನಡದ ಮಾತು ಕೇಳ್ಬೇಕಿತ್ತು."

ಶ್ರೀಮಂತ ಬೆಚ್ಚಿಬಿದ್ದ. ಬೆಳಗಿನ ಹೊತ್ತು ಪಾರ್ಕಿನಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಕೇಳಬಹುದು, ಬಿ.ಪಿ. ಬಗ್ಗೆ ಕೇಳಬಹುದು. ಹಳಗನ್ನಡ ಕೇಳುವವರುಂಟೆ? ಆದರೂ "ಕೇಳಿ, ಕೇಳಿ" ಎಂದ.

"ನನ್ನ ಮಗಳು ಕಾಲೇಜಲ್ಲಿ ಹಳಗನ್ನಡ ಪಾಠ ಮಾಡ್ತಾಳೆ. ನಾನು ಬೇಡ ಅಂದ ಹುಡುಗನ್ನೇ ಮದುವೆ ಆದ್ಲು ಅಂತ ಮಾತು ಬಿಟ್ಟಿದ್ದೆ. ನಾಳೆ ಅವಳ ಮಗೂಗೆ ನಾಮಕರಣ. ಬಾಣಂತನಕ್ಕೆ ಅಂತ ನನ್ನ ಹೆಂಡ್ತಿ ಅಲ್ಲೇ ಇದಾಳೆ. 'ಅಪ್ಪ ಕೂರ್ಮೆಯಿಂದ ಬರಲಿ ಅಂತ ಹೇಳಮ್ಮ' ಅಂದ್ಲಂತೆ ಮಗಳು. ಚಿಕ್ಕೋಳಿದ್ದಾಗ್ಲಿಂದ ಹಿಂಗೇ, ಮನಸಿನ ಮಾತೆಲ್ಲ ಕಾವ್ಯದ ಭಾಷೇಲೇ. ಈ ಕೂರ್ಮೆ ಅಂದ್ರೇನು ಸ್ವಾಮಿ? ನನ್ನವಳಿಗೂ ತಿಳೀಲಿಲ್ಲ, ಮಗಳನ್ನೇ ಕೇಳ್ಸೋಕೆ ನಂಗೆ ಬಿಗುಮಾನ. ಮೊಬೈಲಲ್ಲಿ ಕೇಳಿದ್ರೆ ಪೂರಿ ಜೊತೆ ತಿನ್ನೋ ಕುರ್ಮಾ ತೋರಿಸ್ತು."

ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಬಹುದಿತ್ತೋ ಇಲ್ಲವೋ? ಆದರೆ ಬೀರುವಿನ ಮರ್ಯಾದೆ ಏನಾಗಬೇಕು! ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಕೂರ್ಮ ಅಂದ್ರೆ ಆಮೆ ಅಲ್ವೇ? ನಮ್ಮ ಕವಿಗಳಿಗೆ ಪ್ರಾಣಿಗಳು ಅಂದ್ರೆ ಪ್ರಾಣ. ನಡಿಗೆಗೆ ಹಂಸ, ಸೊಂಟಕ್ಕೆ ಸಿಂಹ. ಹಂಗೇ ಇದೂನು. ಕೂರ್ಮೆಯಿಂದ ಅಂದ್ರೆ ಆಮೆ ಥರ, ನಿಧಾನವಾಗಿ ಅಂತ."

ಹಿರಿಯರ ಮುಖ ಸಣ್ಣದಾಯಿತು. ತಮ್ಮ ಮಂಡಿಯನ್ನೊಮ್ಮೆ ನೋಡಿಕೊಂಡರು. "ಕರಿಯೋವಾಗ್ಲೂ ನನ್ನ ಕುಂಟು ಕಾಲನ್ನ ಆಡ್ಕೊಂಡ್ಲಾ? ನಾನು ಹೋಗಲ್ಲ ಬಿಡಿ" ಎಂದು ಎದ್ದು ಹೊರಟರು.

ಆಗಲಾದರೂ ಶ್ರೀಮಂತ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆದರೆ ಮನೆಗೆ ಬಂದರೂ ಆ ಮುಖ ಕಣ್ಣಿನಿಂದ ಹೋಗಲೊಲ್ಲದು. ಸಂಜೆ ಬೀಗ ಒಡೆಸಿ, ಬೀರುವಿನಿಂದ ನಿಘಂಟು ತೆಗೆದ. ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸಿ ನೋಡಿದರೆ, ಕೂರ್ಮೆ ಎಂದರೆ ಪ್ರೀತಿ, ಅಕ್ಕರೆ! ಅಪ್ಪ ಪ್ರೀತಿಯಿಂದ ಬರಲಿ ಅಂದಿದ್ದಳು ಮಗಳು. ಈ ಮಹಾನುಭಾವ ಅದಕ್ಕೆ ಚಿಪ್ಪು ಹೊದಿಸಿ ಕಳಿಸಿದ್ದ.

ಹೇಳಬೇಕು. ಎಲ್ಲಿಗೆ ಹೋಗಿ ಹೇಳುವುದು? ಮರುದಿನ ಅವರು ಪಾರ್ಕಿಗೆ ಬರಲಿಲ್ಲ. ಕಾವ್ಯರಸಿಕ ಸಿಕ್ಕಸಿಕ್ಕವರನ್ನು ತಡೆದು, "ಮಂಡಿಗೆ ಪಟ್ಟಿ ಕಟ್ಕೊಂಡು ಬರ್ತಾರಲ್ಲ, ಅವರ ಮನೆ ಎಲ್ಲಿ?" ಎಂದು ಕೇಳಿದ. ಯಾರಿಗೂ ತಿಳಿಯದು. ಕೊನೆಗೆ ಗೇಟಿನ ಹತ್ತಿರದ ಹೂವಿನಾಕೆ, "ಮರಿಲಿಂಗಯ್ಯನೋರಾ? ಸ್ಕೂಲಿನ ಹಿಂದ್ಗಡೆ ಬೀದಿ" ಎಂದಳು. ಏದುಸಿರು ಬಿಡುತ್ತಾ ಹೋಗಿ ಬಾಗಿಲು ಬಡಿದ. ಅವರು ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು.

"ಮರಿಲಿಂಗಯ್ಯನೋರೇ, ನಾನು ಒಂದು ಕಾವ್ಯಾನೂ ಓದಿಲ್ಲ. ನಿನ್ನೆ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಕೂರ್ಮೆ ಅಂದ್ರೆ ಪ್ರೀತಿ."

"ಪ್ರೀತಿ ಅಂತಲಾ? ಸರಿಯಾಗಿ ನೋಡಿದ್ರಾ?"

"ಈ ಸಲ ನೋಡಿದೆ."

ಶ್ರೀಮಂತ ಫೋನ್ ಮಾಡಿ ತನ್ನ ಕಾರು ತರಿಸಿದ. ಹಿರಿಯರು ಅದನ್ನು ಹತ್ತಿ, ಅಂಗಿಯ ಗುಂಡಿಯನ್ನು ದಾರಿಯಲ್ಲಿ ಹಾಕಿಕೊಂಡರು. ಆದರೆ ತಲುಪುವ ಹೊತ್ತಿಗೆ ಮುಹೂರ್ತ ಮೀರಿತ್ತು, ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು. ಮಗಳು ಮಗುವನ್ನು ಎತ್ತಿಕೊಂಡು ಬಂದು, "ಅಪ್ಪಾ, ನೀನೂ ಒಂದ್ಸಲ ಹೇಳು" ಎಂದಳು. ಅವರು ಆ ಪುಟ್ಟ ಕಿವಿಗೆ ಬಾಗಿದರು. ಹೆಸರು ಬರಲಿಲ್ಲ, ಅಳುವೇ ಬಂತು.

ಆಮೆಯ ಮಾತಿಗೆ ನಕ್ಕಿರಿ, ಒಳ್ಳೆಯದು. ಈಗ ಹೇಳಿ, ಆ ಮುಹೂರ್ತ ತಪ್ಪಿಸಿದವರು ಯಾರು? ಶ್ರೀಮಂತನೇ? ಬರೀ ಅವನೇ? ಬಸ್‌ಸ್ಟ್ಯಾಂಡಿನಲ್ಲಿ ಯಾರೋ ದಾರಿ ಕೇಳಿದರೆ ಗೊತ್ತಿಲ್ಲದೆಯೂ ಕೈ ತೋರಿಸುತ್ತೀರಲ್ಲ, ಅದು ಯಾವ ಕೈ? ಪಕ್ಕದ ಮನೆಯಾಕೆ ಮಗುವಿನ ಜ್ವರಕ್ಕೆ ಏನು ಕೊಡಲಿ ಅಂದರೆ ಡಾಕ್ಟರ ಹಾಗೆ ಹೇಳುತ್ತೀರಲ್ಲ, ಅದು ಯಾವ ಬಾಯಿ? ಇವತ್ತು ಮನೆಗೆ ಹೋಗುತ್ತಿದ್ದಂತೆ ಮಕ್ಕಳು ಪಾಠದಲ್ಲಿ ಏನಾದರೂ ಕೇಳಲಿ, "ನಂಗೆ ಗೊತ್ತಿಲ್ಲ ಮಗೂ, ಬಾ ನೋಡೋಣ" ಅನ್ನಿ. ನಾಲಿಗೆ ಸವೆಯುವುದಿಲ್ಲ. ದಿನಾ ನಮಸ್ಕಾರ ಹೇಳುವವರ ಹೆಸರನ್ನು ನಾಳೆಯೇ ಕೇಳಿಕೊಳ್ಳಿ.

ಯಾಕೆಂದರೆ, ನೋಡಿ, ಎದುರಿಗೆ ನಿಂತು ಕೇಳುತ್ತಿರುವವರು ನಿಮ್ಮ ಮಾತು ನಂಬಿಕೊಂಡು ಯಾರ ಬಾಗಿಲಿಗೆ ಹೊರಡುತ್ತಾರೋ, ಯಾರ ಬಾಗಿಲಿಗೆ ಹೋಗದೆ ಉಳಿಯುತ್ತಾರೋ, ನಿಮಗೆ ತಿಳಿಯುವುದಿಲ್ಲ.