ಅಪ್ಪನ ಪಾಲಿನ ಸಾಲು

ಇಲ್ಲಪ್ಪಾ, ನಿನ್ನ ನೋಡಾಕ ಬಂದಿದ್ದ ಬಸಲಿಂಗಯ್ಯ ಮಾಸ್ತರು ಹೋದ್ರು. ಹೋಗಿ ಎಷ್ಟೊತ್ತಾತು! ಇನ್ನೂ ಯಾಕ ಬಾಗಲಾ ನೋಡ್ತಿ? ಗ್ವಾಡಿಗೆ ಆನಿಕೊಂಡು ಕುಂಡ್ರು... ಹಾಂ, ಹಂಗ. ಎಡಗೈ ಇಲ್ಲೆ ಕೊಡು, ನಾ ಹಿಡಕೊಂಡಿರ್ತೇನಿ. ಈಗ ಹಾಡೂಣು. ನಾ ಒಂದು ಸಾಲು, ನೀ ಒಂದು ಸಾಲು.

ಕರಿಯೆತ್ತು ಬಂದಾವ ಕಣದಾಗ...

ಹೂಂ, ಈಗ ನಿಂದು. ...ಯಾಕ? ನೀರು ಬೇಕೇನು? ಬ್ಯಾಡ. ಮತ್ತ?

ಬರೂದಿಲ್ಲಂತ ಅನಬ್ಯಾಡ. ಲಕ್ವಾ ಹೊಡದಾಗ ಡಾಕ್ಟರು ಏನಂದಿದ್ರು? ಬಲಗೈ ಹೋತು, ಮಾತು ಹೋತು, ಆಸೆ ಬಿಡ್ರಿ ಅಂದಿದ್ರು. ‘ನೀರು’ ಅನ್ನಾಕ ಬರ್ತಿರಲಿಲ್ಲ ನಿನಗ. ‘ಗಂಗಾ’ ಅಂತ ನನ್ನ ಕರಿಯಾಕ ಬರ್ತಿರಲಿಲ್ಲ. ಈಗೂ ಬರೂದಿಲ್ಲ... ಇರ್ಲಿ. ಆದ್ರ ಹಾಡು ಬಂತೋ ಇಲ್ಲೋ? ಧಾರವಾಡದಾಗ ನಮ್ಮ ಗುರುಗಳು ಅದನ್ನ ಹೇಳ್ತಿದ್ರು. ತಲ್ಯಾಗ ಮಾತು ಇರೂ ಜಾಗಾ ಬ್ಯಾರೆ, ಹಾಡು ಇರೂ ಜಾಗಾ ಬ್ಯಾರೆ. ಒಂದು ಹೋದ್ರೂ ಇನ್ನೊಂದು ಉಳೀತೈತಿ ಅಂತ.

ಯಾಕ ನಗ್ತಿ? ಖರೇನ. ಎಂ.ಎ.ದಾಗ ಇದನ್ನ ಕಲಸ್ತಾರ. ಮೊದಲೂ ಹಿಂಗ ನಕ್ಕಿದ್ದಿ ನೀ. ‘ಹಾಡೂದು ಬಿಟ್ಟು, ಹಾಡು ಮನಸಿಗೆ ಏನು ಮಾಡ್ತೈತಿ ಅಂತ ಓದಾಕ ಹೊಂಟಾಳ ನಮ್ಮ ಶಿವಗಂಗವ್ವ’ ಅಂತ ಹಳಿಯಾಳ ಸಂತಿ ತುಂಬ ಹೇಳಕೋಂತ ತಿರಗಿದಿ. ನೀಲಕ್ಕನ ಗಂಡ ಮುಂಡಗೋಡದಿಂದ ಬಂದು, ಹೆಣ್ಣ ಹುಡುಗಿಗೆ ಎಂ.ಎ. ಯಾಕ್ರಿ ಮಾವಾ ಅಂದ. ಆವಾಗ ಏನಂದಿ ನೀ? ‘ಎಂ.ಎ. ಅನ್ನೂ ಎರಡ ಅಕ್ಷರ ಅಲ್ರಿ ಅಳಿಯಂದ್ರ, ಇನ್ನೂ ಇದ್ರ ಅವನ್ನೂ ಓದಸ್ತೇನಿ.’ ಅಂವ ಚಹಾನೂ ಕುಡೀದ ಹೋದ!

...ನಗೂದೂ ಬಿಟ್ಟಿ.

ಮೊದಲನೇ ಸಲ ಹಾಡಿದ್ದು ನೆನಪೈತಿ? ನಾ ರೊಟ್ಟಿ ಬಡಿಯಾಕತ್ತಿದ್ದೆ. ಹೊರಗ ದಾಂಡೇಲಿ ಕಾರ್ಖಾನಿಗೆ ಬಿದಿರು ಒಯ್ಯೂ ಲಾರಿ ಹೊಂಟಿದ್ವು, ಒಂದ ಸವನ ಗದ್ಲ. ಸುಮ್ನ ನಿನ್ನ ಹಂತಿ ಹಾಡು ಗುನಗಿದೆ. ಕಣದಾಗ ಎತ್ತು ತಿರಗಸೂ ಮುಂದ ಹಾಡ್ತಿದ್ದಿಯಲ್ಲಾ, ಅದು. ಒಂದು ಸಾಲು ಅಂದೆ. ಎರಡನೇದು ಹಿಂದಿನಿಂದ ಬಂತು... ನಿನ್ನ ದನಿ! ಪೂರಾ ಸಾಲು! ಒಂದು ಅಕ್ಷರ ತಪ್ಪಿಲ್ಲ!

ಬ್ಯಾರೆ ಯಾರರ ಆಗಿದ್ರ ಅತ್ತು ಬಿಡ್ತಿದ್ರು. ನಾ ರೊಟ್ಟಿ ತಿರುವಿ ಹಾಕಿದೆ. ಸೀದೀತು ಅಂತ. ಅಷ್ಟ ಅನಸ್ತು. ಏನಾಗೇತೋ ನನಗ... ಏನೂ ಅನಸೂದಿಲ್ಲಪ್ಪಾ. ಅಲ್ಲೆ ಧಾರವಾಡದ ಕ್ಲಾಸಿನ್ಯಾಗ ಗ್ರಾಮಫೋನ್ ಹಚ್ಚಿ, ಕೇಳಿದ ಮ್ಯಾಲ ಏನನಸ್ತು ಬರೀರಿ ಅಂತಿದ್ರು. ಎಲ್ಲಾರೂ ಬರದು ಎದ್ದ ಹೋದ್ರೂ ನಾ ಬರೀತಿದ್ದೆ. ಈಗ ಬರಿ ಅಂದ್ರ ಖಾಲಿ ಹಾಳಿ ಕೊಟ್ಟು ಬರ್ತೇನಿ.

ಮರುದಿನ ನೀ ಹಾಡಲಿಲ್ಲ. ಗ್ವಾಡಿ ಕಡೆ ಹೊಳ್ಳಿ ಮಲಗಿದಿ. ಗಂಜಿ ಕೊಟ್ರ ಹಲ್ಲು ಕಚ್ಚಿ ಹಿಡದಿ. ನಿನ್ನ ಮನಸಿನ್ಯಾಗ ಏನಿತ್ತು ನನಗ ತಿಳೀಲಿಲ್ಲಂತ ಮಾಡಿ? ತಿಳೀತು, ಉಣ್ಣದ ಹೋಗಿಬಿಡೂ ವಿಚಾರ. ಅವ್ವ ಹೋದ ಮ್ಯಾಲ ಈ ಮನ್ಯಾಗ ಇದ್ದವರು ಇಬ್ಬರ... ಅದಕ್ಕ ಹೇಳಿದೆ. ಗುರುಗಳು ರಜಾ ಕೊಟ್ಟು ಕಳಿಸ್ಯಾರ, ನಿನ್ನ ಹಾಡಿನ ಮ್ಯಾಲ ನನ್ನ ಅಭ್ಯಾಸ, ನೀ ಹಾಡಿದ್ರ ನಾ ಪಾಸು ಅಂತ. ಎದ್ದ ಕುಂತಿ! ಬೆವರು ಸುರಿಸಿ ಹಾಡಿದಿ. ಗಂಜಿ ಹೋಗಿ ರೊಟ್ಟಿ ಬಂತು. ಇನ್ನೊಂದೀಟ ಹಾಡಪ್ಪಾ. ಪರೀಕ್ಷಾ ಹತ್ರ ಬಂತು, ನಾ...

ಯಾಕ ಕೈ ಎಳಕೊಂಡಿ?

ಪರೀಕ್ಷಾ ಅಂದಕೂಡ್ಲೆ ಯಾಕ ಕೈ ಎಳಕೊಂಡಿ? ...ಮಾಸ್ತರು ಏನರ ಅಂದ್ರೇನು? ನಾ ಹಿತ್ತಲದಾಗಿದ್ದೆ. ಅವರು ಧಾರವಾಡಕ್ಕ ಹೋಗಿ ಬಂದಾರ... ಅಲ್ಲೆ ಎಂ.ಎ. ಪರೀಕ್ಷಾ ಮುಗದ್ವು ಅಂದ್ರೇನು? ಅಂದ್ರೇನಪ್ಪಾ? ಅವು... ಅವು ಬ್ಯಾರೆಯವರವು. ನಂದು ಮುಂದ ಐತಿ. ಗುರುಗಳು ನನಗಂತನ...

ಹಂಗ ನೋಡಬ್ಯಾಡ.

ಕರಿಯೆತ್ತು ಬಂದಾವ ಕಣದಾಗ...

ಅನ್ನು. ಬಿಳಿಯೆತ್ತು ಬರಲೇಳೋ... ಅನ್ನಪ್ಪಾ. ನಿನ್ನೆ ಬಂದಿತ್ತು ನಿನಗ. ತುಟಿ ಯಾಕ ಬಿಗಿ ಹಿಡದಿ?

...ಹೂಂ.

ಎಂ.ಎ.ದಿಂದ ಹೆಸರು ತಗಸಿ ಬಂದೇನಿ. ನೀ ಬಿದ್ದ ಸುದ್ದಿ ಬಂದಾಗನ. ಯಾವ ಗುರುಗಳೂ ಕಳಿಸಿಲ್ಲ. ನಿನ್ನ ಹಾಡಿನ ಮ್ಯಾಲ ಯಾವ ಅಭ್ಯಾಸಾನೂ ಇಲ್ಲ. ನೀ ನನ್ನ ಸಲುವಾಗಿ ಹಾಡಾಕತ್ತಿದ್ದಿ, ನಾ ನಿನ್ನ ಸಲುವಾಗಿ ಸುಳ್ಳು ಹೇಳಾಕತ್ತಿದ್ದೆ. ಅಷ್ಟ.

ಕಣ್ಣೀರು ಬಂದಾವ ನಿನಗ. ತಡಿ, ಒರಸ್ತೇನಿ... ಮುಖಾ ತಿರುವಬ್ಯಾಡ. ಬ್ಯಾಡಂದ್ರ ಬ್ಯಾಡ, ಇವತ್ತ ಹಾಡೂದು ಬ್ಯಾಡ. ರೊಟ್ಟಿ ಹಾಲಿನ್ಯಾಗ ನೆನಸೇನಿ, ತಿನ್ನು. ಒಂದ ತುತ್ತು. ...ಮುಂದಿನ ವರ್ಷ ಹೋಗ್ತೇನಪ್ಪಾ. ನೀಲಕ್ಕನ ಕರಸೂಣು, ಆಕಿ ಇರ್ತಾಳ ನಿನ್ನ ಹತ್ರ. ಹೆಸರು ಮತ್ತ ಹಚ್ಚಸ್ತೇನಿ, ಓದ್ತೇನಿ.

ನಂಬೂದಿಲ್ಲೇನು?

ಈ ಸಲ ಖರೇನ ಹೇಳಾಕತ್ತೇನಿ... ಅಪ್ಪಾ. ಬಾಯಿ ತೆರಿ.